12 ವೋಲ್ಟ್ ಇದೆ, ಫ್ಯಾನ್ ತಿರುಗ್ತಿಲ್ಲ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಮೊಣಕೈ ಊರಿ ನಿಂತರೆ ಅವರು ಕಾರು ನಿಲ್ಲಿಸುವ ಜಾಗ ಪೂರ್ತಿ ಕಾಣುತ್ತದೆ. ಹೋದ ಭಾನುವಾರ ಬೆಳಿಗ್ಗೆ ಪೂಜೆಗೆ ದಾಸವಾಳ ಕೊಯ್ಯುತ್ತಿದ್ದಾಗ ಆ ಕಡೆ ಬಾನೆಟ್ ಎತ್ತಿ ನಿಲ್ಲಿಸಿದ್ದು ಕಂಡಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಎಂಜಿನ್ನಿನ ಮುಂದೆ ಸುಮ್ಮನೆ ನಿಂತಿದ್ದರು.

"ಏನ್ ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೇನೇ?"

"ಫ್ಯಾನ್ ಮೋಟಾರ್ ಹೋಗಿದೆಯಂತೆ ಸಾರ್. ನಾಳೆ ಹೊಸದು ತಂದು ಹಾಕ್ತೀನಿ ಅಂದಿದಾನೆ ಮೆಕ್ಯಾನಿಕ್. ಮಗಳ ಟ್ಯೂಷನ್ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಹೋಗುತ್ತೆ."

"ಹೋಗಿದೆ ಅಂತ ಹೇಗೆ ಗೊತ್ತಾಯ್ತಂತೆ?"

"ಮೀಟರ್ ಇಟ್ಟು ನೋಡಿದ. ಮೋಟಾರಿನ ಕಪ್ಲರ್ ತನಕ 12 ವೋಲ್ಟ್ ಬರ್ತಿದೆ. ಆದ್ರೂ ತಿರುಗ್ತಿಲ್ಲ ಅಂದ್ಮೇಲೆ ಮೋಟಾರೇ ತಾನೆ ಅಂದ."

ಹೂವಿನ ಬುಟ್ಟಿಯನ್ನು ಗೋಡೆ ಮೇಲಿಟ್ಟೆ. ಕೇಳಲು ಎಷ್ಟು ಸರಿಯಾಗಿದೆ ಆ ಮಾತು! ಕರೆಂಟು ಬಾಗಿಲ ತನಕ ಬಂದು ನಿಂತಿದೆ, ಒಳಗಿರುವವನು ಏಳುತ್ತಿಲ್ಲ, ಅಂದಮೇಲೆ ತಪ್ಪು ಒಳಗಿರುವವನದೇ. ಆದರೆ ನಾನು ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನಿನ ದೋಷ ಹುಡುಕಿಕೊಂಡೇ ಬದುಕಿದವನು. ಮೀಟರಿನಲ್ಲಿ ವೋಲ್ಟು ಕಾಣುವುದೇ ಬೇರೆ, ಆ ತಂತಿಯಲ್ಲಿ ಕರೆಂಟು ಹರಿಯುವುದೇ ಬೇರೆ. ಇದನ್ನು ನಾನು ಕಂಬ ಹತ್ತಿ ಕಲಿತಿದ್ದೇನೆ.

"ಮೇಷ್ಟ್ರೇ, ಮೋಟಾರ್ ಬೇಡ ಅಂತ ಈಗ್ಲೇ ಫೋನ್ ಮಾಡ್ಬೇಡಿ, ಬೇಕು ಅಂತಲೂ ಅನ್ಬೇಡಿ. ತಿಂಡಿ ಆಯ್ತಾ? ಹಾಗಾದ್ರೆ ನನಗೊಂದು ಗಂಟೆ ಕೊಡಿ."

ಪೂಜೆ ಮುಗಿಸಿ, ನನ್ನ ಹಳೇ ಮೀಟರು, ಟೆಸ್ಟ್ ಲ್ಯಾಂಪು, ಒಂದಿಷ್ಟು ದಪ್ಪ ವೈರು ಹಿಡಿದು ಆ ಕಡೆ ಹೋದೆ. ಹೋದವನು ಯಾವುದನ್ನೂ ಮುಟ್ಟದೆ ಮೊದಲು ಒಂದೇ ಪ್ರಶ್ನೆ ಕೇಳಿದೆ. "ಕಾಯೋದು ಎಲ್ಲಿ? ಊರೊಳಗೋ, ಹೈವೇಲೋ?"

"ಊರೊಳಗೆ ಸಾರ್. ಎನ್.ಆರ್. ಸರ್ಕಲ್ಲಲ್ಲಿ ಸಿಗ್ನಲ್ಲಿಗೆ ನಿಂತ್ರೆ ಮುಳ್ಳು ಏರುತ್ತೆ. ಚನ್ನರಾಯಪಟ್ಟಣ ದಾಟಿ ಬೆಂಗಳೂರಿಗೆ ಹೋಗಿ ಬಂದ್ರೂ ಏನೂ ಆಗಲ್ಲ."

ಅರ್ಧ ರೋಗ ಈ ಉತ್ತರದಲ್ಲೇ ಸಿಕ್ಕಿತು. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿನ ಹಂಗಿಲ್ಲ. ನಿಂತಾಗ ಗಾಳಿಯಿಲ್ಲ, ಆಗ ಫ್ಯಾನೇ ಗತಿ. ನಿಂತಾಗ ಕಾದು, ಓಡಿದಾಗ ತಣ್ಣಗಾದರೆ ದೋಷ ಫ್ಯಾನಿನ ಕಡೆಗೆ. ಇದಕ್ಕೆ ತಿರುಗಾಮುರುಗಾ, ಊರಲ್ಲಿ ಸರಿಯಿದ್ದು ಹೈವೇಯಲ್ಲಿ ಕಾದರೆ ಕಟ್ಟಿಕೊಂಡ ರೇಡಿಯೇಟರು, ಸರಿಯಾಗಿ ತೆರೆಯದ ಥರ್ಮೋಸ್ಟಾಟು, ಸವೆದ ವಾಟರ್ ಪಂಪು ಇವುಗಳ ಮೇಲೆ ಅನುಮಾನ ಪಡಬೇಕು. ಒಂದು ಸ್ಪ್ಯಾನರ್ ಕೂಡ ಎತ್ತದೆ ಇಷ್ಟು ತಿಳಿಯುತ್ತದೆ.

ಹಿಂದಿನ ಅಂಬಾಸಿಡರ್, ಪದ್ಮಿನಿಗಳಿಗೆ ಈ ಪಾಡಿರಲಿಲ್ಲ. ಅವುಗಳ ಫ್ಯಾನು ಬೆಲ್ಟಿನಲ್ಲಿ ಎಂಜಿನ್ನಿಗೇ ಕಟ್ಟಿಕೊಂಡಿತ್ತು, ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ನನ್ನು ಅಡ್ಡಡ್ಡ ಕೂರಿಸಿದರು. ಎಂಜಿನ್ನಿನ ಮೂತಿ ರೇಡಿಯೇಟರಿನ ಕಡೆ ಇರದೆ ಚಕ್ರದ ಕಡೆ ತಿರುಗಿದ ಮೇಲೆ ಬೆಲ್ಟಿನ ಫ್ಯಾನಿಗೆ ಎಲ್ಲಿಯ ಜಾಗ? ಫ್ಯಾನು ವಿದ್ಯುತ್ತಿನದಾಯಿತು, ಬೇಕಾದಾಗ ಮಾತ್ರ ತಿರುಗುವಂತಾಯಿತು. ಪೆಟ್ರೋಲು ಉಳಿಯಿತು, ಸದ್ದು ತಗ್ಗಿತು. ಅದರ ಜೊತೆಗೇ ಫ್ಯೂಸು, ರಿಲೇ, ಸೆನ್ಸರು, ಕಪ್ಲರು, ಅರ್ತು ಎಂಬ ಐದಾರು ಹೊಸ ಬಾಬ್ತುಗಳೂ ಬಂದವು. ಯಾವುದೊಂದು ಕೈಕೊಟ್ಟರೂ ಫ್ಯಾನು ನಿಲ್ಲುತ್ತದೆ.

ಎಂಜಿನ್ ತಣ್ಣಗಿದ್ದುದರಿಂದ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಕೂಲೆಂಟ್ ನೋಡಿದೆ. ಕಂಠಮಟ್ಟ ಇತ್ತು. ಇದನ್ನು ನೋಡದೆ ಮುಂದೆ ಹೋಗಬಾರದು. ನೀರು ಕಮ್ಮಿಯಾದರೆ ಸೆನ್ಸರಿನ ಮೂತಿ ನೀರಲ್ಲಿರದೆ ಗಾಳಿಯಲ್ಲಿ ಉಳಿದುಬಿಡುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಬಿಸಿ ಸರಿಯಾಗಿ ತಟ್ಟುವುದಿಲ್ಲ, ಫ್ಯಾನನ್ನು ಕರೆಯುವುದಿಲ್ಲ.

"ಈ ಮುಚ್ಚಳ ಬಿಸಿಯಿದ್ದಾಗ ಯಾಕೆ ತೆಗೀಬಾರ್ದು ಅಂಕಲ್?" ಅಂತ ಮೇಷ್ಟ್ರ ಮಗಳು ಕೇಳಿದಳು. ಪಿಯುಸಿ ಹುಡುಗಿ, ಬಾನೆಟ್ ಎತ್ತಿದ್ದು ಕಂಡು ಪುಸ್ತಕ ಬಿಟ್ಟು ಓಡಿ ಬಂದಿದ್ದಳು. ಅಡುಗೆಮನೆಯ ಕುಕ್ಕರನ್ನೇ ತೋರಿಸಿದೆ. ನಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯುವುದೇ ಇಲ್ಲ, 97ರ ಆಸುಪಾಸಿಗೇ ಕುದಿಯುತ್ತದೆ. ಕಾರಿನ ಫ್ಯಾನು ಶುರುವಾಗುವುದೇ ಸುಮಾರು ಅಷ್ಟು ಬಿಸಿಗೆ. ಹಾಗಾದರೆ ನೀರು ಕುದಿಯದೆ ಉಳಿಯುವುದು ಹೇಗೆ? ಕೂಲೆಂಟ್ ಬೆರೆಸಿದ್ದರಿಂದ ಒಂದಿಷ್ಟು, ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡ ಹಿಡಿದಿಡುವುದರಿಂದ ಬಹಳಷ್ಟು. ಆ ಒತ್ತಡ ಕುಕ್ಕರಿನದಕ್ಕೆ ಹೆಚ್ಚುಕಮ್ಮಿ ಸಮ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರಾದರೂ ಎಳೆದು ತೆಗೆಯುತ್ತಾರೆಯೇ? ಇದೂ ಹಾಗೆಯೇ. ಒತ್ತಡ ಇಳಿದ ಕ್ಷಣ ಒಳಗಿದ್ದುದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಹಾಗೆ ಸುಟ್ಟ ಮುಖವೊಂದನ್ನು ನಾನು ಕಂಡಿದ್ದೇನೆ. ಆ ಮಾತನ್ನು ಮಗುವಿನ ಮುಂದೆ ಹೆಚ್ಚು ಬೆಳೆಸಲಿಲ್ಲ.

ಅವಳನ್ನೇ ಡ್ರೈವರ್ ಸೀಟಿಗೆ ಕೂರಿಸಿದೆ. "ಸ್ಟಾರ್ಟ್ ಮಾಡಿ ಎ.ಸಿ. ಹಾಕು ಪುಟ್ಟಿ." ಇದೊಂದು ಪುಕ್ಕಟೆ ಪರೀಕ್ಷೆ. ಎ.ಸಿ. ಹಾಕಿದರೆ ಎಂಜಿನ್ ತಣ್ಣಗಿದ್ದರೂ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರು, ಫ್ಯೂಸು, ರಿಲೇ ಎಲ್ಲ ನೆಟ್ಟಗಿವೆ, ಬಿಸಿ ತಿಳಿಸುವ ಸೆನ್ಸರಿನ ಕಡೆ ಹುಡುಕಬೇಕು ಎಂದರ್ಥ. ಎ.ಸಿ. ಕಂಪ್ರೆಸರ್ ಟಕ್ಕೆಂದು ಕಚ್ಚಿದ್ದು ಕೇಳಿಸಿತು. ಫ್ಯಾನ್ ಅಲ್ಲಾಡಲಿಲ್ಲ. ಸೆನ್ಸರನ್ನು ಪಕ್ಕಕ್ಕಿಟ್ಟೆ.

ಸೆನ್ಸರಿನ ಮಾತು ಬಂದಾಗ ಶಿರಾಡಿ ಘಾಟಿ ನೆನಪಾಯಿತು. ಬಹಳ ವರ್ಷದ ಹಿಂದೆ ನಮ್ಮ ಹಳೇ ಕಾರಿನಲ್ಲಿ ಮಂಗಳೂರಿನಿಂದ ಬರುತ್ತಿದ್ದೆವು, ಹಿಂದಿನ ಸೀಟಿನಲ್ಲಿ ತಾಯಿ. ಗುಂಡ್ಯ ದಾಟಿ ಏರು ಶುರುವಾದದ್ದೇ ಟ್ಯಾಂಕರುಗಳ ಸಾಲು, ಮೊದಲ ಗೇರಿನಲ್ಲಿ ಆಮೆ ನಡಿಗೆ. ಮುಳ್ಳು ಏರಿತು. ವಾರದ ಹಿಂದಷ್ಟೇ ಒಂದು ಗ್ಯಾರೇಜಿನವರು ಮೋಟಾರು ಹೋಗಿದೆಯೆಂದು ಹೊಸದು ಹಾಕಿ ದುಡ್ಡು ಎಣಿಸಿಕೊಂಡಿದ್ದರು. ಕಾಡಿನ ನಡುವೆ ಗಾಡಿ ಬದಿಗೆ ಹಾಕಿ ನಿಂತಿದ್ದಾಗ ಲಾರಿಯೊಂದರ ಚಾಲಕ ಇಳಿದು ಬಂದ. ಎಂಜಿನ್ನಿನ ನೀರಿನ ದಾರಿಯಲ್ಲಿದ್ದ ಥರ್ಮೋಸ್ವಿಚ್ಚಿನ ಎರಡು ವೈರು ಕಿತ್ತು, ತುಂಡು ತಂತಿಯಲ್ಲಿ ಎರಡನ್ನೂ ಸೇರಿಸಿದ. ಫ್ಯಾನು ಭರ್ರೆಂದು ತಿರುಗಿತು! "ಹೀಗೇ ಊರು ಸೇರ್ಕೊಳ್ಳಿ ಸಾರ್, ಸ್ವಿಚ್ಚು ಹಾಕಿಸಿ ಸಾಕು" ಎಂದು ಹೇಳಿ ಹೋದ. ಹೆಸರು ಕೇಳುವಷ್ಟರಲ್ಲಿ ಲಾರಿ ಮುಂದೆ ಹೋಗಿತ್ತು. ಸಣ್ಣದೊಂದು ಸ್ವಿಚ್ಚಿನ ತಪ್ಪಿಗೆ ಒಳ್ಳೆಯ ಮೋಟಾರೊಂದು ಗುಜರಿಗೆ ಹೋಗಿತ್ತು. ನನಗೆ ಬೇಸರವಾದದ್ದು ದುಡ್ಡಿಗಿಂತ ಹೆಚ್ಚಾಗಿ ಆ ಮೋಟಾರಿಗಾಗಿ.

ಈಗಿನ ಕಾರಿನಲ್ಲಿ ಹೀಗೆ ಎರಡು ವೈರು ಸೇರಿಸಬಾರದು, ಅಲ್ಲಿರುವುದು ಸ್ವಿಚ್ಚಲ್ಲ, ಸೆನ್ಸರು. ಬಿಸಿಯೇರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಅದನ್ನು ಓದಿ ಕಂಪ್ಯೂಟರು ರಿಲೇಗೆ ಅಪ್ಪಣೆ ಕೊಡುತ್ತದೆ. ಅನೇಕ ಕಾರುಗಳಲ್ಲಿ ಸೆನ್ಸರಿನ ಕಪ್ಲರ್ ಕಿತ್ತರೆ ಸಾಕು, ಬಿಸಿ ಎಷ್ಟೆಂದು ತಿಳಿಯದ ಕಂಪ್ಯೂಟರು ಮುಂಜಾಗ್ರತೆಗೆ ಫ್ಯಾನು ಹಾಕಿಬಿಡುತ್ತದೆ.

ಮೇಷ್ಟ್ರ ಕಾರಿಗೆ ಬಂದೆ. ಫ್ಯೂಸು 30 ಆಂಪಿಯರಿನದು. ಕಣ್ಣಿಗೆ ಸರಿಯಾಗೇ ಕಂಡಿತು, ಆದರೂ ಟೆಸ್ಟ್ ಲ್ಯಾಂಪಿನ ಮೊನೆಯನ್ನು ಎರಡೂ ತುದಿಗೆ ಇಟ್ಟು ನೋಡಿದೆ. ಎರಡೂ ಕಡೆ ದೀಪ ಚೆನ್ನಾಗಿ ಉರಿಯಿತು. ಆಮೇಲೆ ರಿಲೇ ಮೇಲೆ ಹೆಬ್ಬೆರಳಿಟ್ಟು, "ಎ.ಸಿ. ಹಾಕು, ತೆಗಿ, ಹಾಕು" ಅಂದೆ. ಬೆರಳಿಗೆ ಟಿಕ್, ಟಿಕ್ ಎಂದು ತಾಗಿತು.

ಆ ಟಿಕ್ ಸದ್ದಿನಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ನಾನು ಕೆಲಸಕ್ಕೆ ಸೇರಿದಾಗ ಎಕ್ಸ್‌ಚೇಂಜಿನಲ್ಲಿದ್ದದ್ದು ಸ್ಟ್ರೌಜರ್ ಯಂತ್ರಗಳು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಈಗ ದೂರವಾಣಿನಗರ ಎನ್ನುತ್ತಾರಲ್ಲ, ಅಲ್ಲಿಯೂ ಅಂಥವನ್ನು ತಯಾರಿಸುತ್ತಿದ್ದರು. ಸಂಜೆ ಊರೆಲ್ಲ ಫೋನು ಎತ್ತುವ ಹೊತ್ತಿಗೆ ಎಕ್ಸ್‌ಚೇಂಜಿನೊಳಗೆ ನೂರಾರು ರಿಲೇಗಳು ಒಟ್ಟಿಗೆ ಟಿಕಟಿಕ ಅನ್ನುತ್ತಿದ್ದರೆ ಹಂಚಿನ ಮೇಲೆ ಮಳೆ ಹನಿಯುವ ಹಾಗೆ ಕೇಳಿಸುತ್ತಿತ್ತು. ಕಾರಿನ ರಿಲೇ ಅದರದೇ ವಂಶ. ಸಣ್ಣ ಕರೆಂಟು ಒಂದು ಸುರುಳಿಯಲ್ಲಿ ಹರಿದು ಅದನ್ನು ಅಯಸ್ಕಾಂತ ಮಾಡುತ್ತದೆ, ಆ ಅಯಸ್ಕಾಂತ ದೊಡ್ಡ ಕರೆಂಟಿನ ಬಾಗಿಲನ್ನು ಎಳೆದು ತೆರೆಯುತ್ತದೆ. ಕಾಲುಗಳ ಮೇಲೆ 85, 86, 30, 87 ಎಂದು ಬರೆದಿರುತ್ತದೆ. ಮೊದಲಿನ ಎರಡು ಸುರುಳಿಯವು, 30 ಬ್ಯಾಟರಿಯಿಂದ ಬರುವುದು, 87 ಫ್ಯಾನಿಗೆ ಹೋಗುವುದು. ಟಿಕ್ ಎಂದಿತು ಅಂದರೆ ಸುರುಳಿ ಬದುಕಿದೆ, ಕಂಪ್ಯೂಟರಿನ ಅಪ್ಪಣೆಯೂ ಬರುತ್ತಿದೆ. ಅಷ್ಟೇ. ಒಳಗಿನ ಬಾಗಿಲು ಕಿಡಿ ಹಾರಿ ಹಾರಿ ಸುಟ್ಟಿದ್ದರೆ ಟಿಕ್ ಎಂದೂ ಕರೆಂಟು ದಾಟಿಸದೆ ಇರಬಹುದು.

ಅದಕ್ಕೇ ಎಂಜಿನ್ ಆರಿಸಿ, ರಿಲೇ ಕಿತ್ತು, ಅದರ ಗೂಡಿನಲ್ಲಿ 30 ಮತ್ತು 87ರ ಜಾಗವನ್ನು ನಡುವೆ ಫ್ಯೂಸಿರುವ ದಪ್ಪ ವೈರಿನಲ್ಲಿ ಸೇರಿಸಿದೆ. ರಿಲೇಯನ್ನು ಲೆಕ್ಕದಿಂದಲೇ ತೆಗೆದಂತಾಯಿತು. ಫ್ಯಾನು ಆಗಲೂ ಅಲ್ಲಾಡಲಿಲ್ಲ. ಮೋಟಾರಿನ ಕಪ್ಲರ್ ಬಿಚ್ಚಿ ಎರಡು ವೈರಿನ ನಡುವೆ ಮೀಟರ್ ಹಿಡಿದೆ. 12.4 ವೋಲ್ಟ್. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ!

ಈಗ ಮೋಟಾರಿಗೆ ಬ್ಯಾಟರಿಯಿಂದಲೇ ಎರಡು ವೈರು ನೇರ ಕೊಟ್ಟೆ, ಅಲ್ಲೂ ನಡುವೆ ಫ್ಯೂಸಿಟ್ಟು, ಕೈ ದೂರ ಇಟ್ಟುಕೊಂಡು. ಫ್ಯಾನು ಭೋರ್ರೆಂದು ತಿರುಗಿತು, ರೇಡಿಯೇಟರಿನ ಮುಂದಿದ್ದ ಒಣ ಎಲೆ ಬಲೆಗೆ ಅಂಟಿಕೊಂಡಿತು.

ಮೇಷ್ಟ್ರು ನನ್ನ ಮುಖ ನೋಡಿದರು. "ಮೋಟಾರೂ ಸರಿಯಿದೆ. ವೋಲ್ಟೂ ಬರ್ತಿದೆ. ಎರಡೂ ಸೇರಿದ್ರೆ ಯಾಕೆ ತಿರುಗ್ತಿಲ್ಲ?"

"ನೀವು ವರ್ಷಾ ವರ್ಷಾ ಓಮ್ ನಿಯಮ ಪಾಠ ಮಾಡೋರು, ನೀವೇ ಲೆಕ್ಕ ಹಾಕಿ ಮೇಷ್ಟ್ರೇ" ಅಂದೆ. ಈ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಒಂದು ಕೋಟಿ ಓಮ್. ತಂತಿಯ ದಾರಿಯಲ್ಲಿ ಎಲ್ಲೋ ಒಂದು ಕಡೆ ತುಕ್ಕು ಹಿಡಿದು 2 ಓಮ್ ಅಡ್ಡ ನಿಂತಿದೆ ಅಂದುಕೊಳ್ಳಿ. ಒಂದು ಕೋಟಿಯ ಎದುರು 2 ಯಾವ ಲೆಕ್ಕ? ಮೀಟರು ಪೂರ್ತಿ 12 ತೋರಿಸುತ್ತದೆ. ತಂತಿಯ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ 12 ತೋರಿಸುತ್ತದೆ. ಆದರೆ ನಿಂತ ಮೋಟಾರಿನ ರೆಸಿಸ್ಟೆನ್ಸ್ ಅರ್ಧ ಓಮ್ ಅಂದುಕೊಂಡರೆ?

ಮೇಷ್ಟ್ರು ಕಾರಿನ ಧೂಳಿನ ಮೇಲೆ ಬೆರಳಲ್ಲೇ ಬರೆದರು. ಒಟ್ಟು ಎರಡೂವರೆ ಓಮ್. 12 ಭಾಗಿಸು 2.5, ಕರೆಂಟು 4.8 ಆಂಪಿಯರು. ತುಕ್ಕಿನ ಪಾಲಿಗೆ 9.6 ವೋಲ್ಟು, ಮೋಟಾರಿನ ಪಾಲಿಗೆ 2.4. ಬರೆದು ಮುಗಿಸಿ, "ಅಯ್ಯೋ, ತುಕ್ಕೇ ಎಲ್ಲಾ ತಿಂದುಬಿಡ್ತಲ್ಲ ಸಾರ್!" ಅಂದರು. ಹದಿನೈದು ಆಂಪಿಯರು ಎಳೆಯಬೇಕಾದ ಫ್ಯಾನಿಗೆ ಅಷ್ಟರಲ್ಲಿ ಏಳಲು ಎಲ್ಲಿಯ ಬಲ?

ಟೆಲಿಫೋನ್ ಲೈನಿನಲ್ಲಿ ಇದನ್ನೇ ಹೈ ರೆಸಿಸ್ಟೆನ್ಸ್ ಫಾಲ್ಟ್ ಅನ್ನುತ್ತಿದ್ದೆವು. ರಿಸೀವರ್ ಇಟ್ಟಿರುವಾಗ ಲೈನಿನಲ್ಲಿ 48 ವೋಲ್ಟು ಶುದ್ಧವಾಗಿ ಕಾಣುತ್ತದೆ, ಏಕೆಂದರೆ ಕರೆಂಟು ಹರಿಯುತ್ತಿಲ್ಲ. ರಿಸೀವರ್ ಎತ್ತಿದ ಕೂಡಲೇ ಲೈನು ಸತ್ತುಹೋಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ತೋಟದ ಮನೆಗಳಿಂದ ಬರುತ್ತಿದ್ದ ಅರ್ಧಕ್ಕರ್ಧ ದೂರು ಇಂಥವೇ. ಎಲ್ಲೋ ಮರದ ಸಂದಿಯಲ್ಲಿ ಒಂದು ಹಳೇ ಜಾಯಿಂಟು ಕಿಲುಬು ಹಿಡಿದಿರುತ್ತಿತ್ತು. ದುಡಿಯುವಾಗ ನೋಡದೆ ವಿದ್ಯುತ್ತಿನ ದೋಷ ಸಿಕ್ಕುವುದಿಲ್ಲವೆಂದು ಆಗಿನ ಹಿರಿಯ ಲೈನ್‌ಮನ್ನರು ಕಲಿಸಿದ್ದರು.

ಹಾಗಾಗಿ ಮೋಟಾರಿನ ಕಪ್ಲರ್ ಮತ್ತೆ ಸೇರಿಸಿದೆ. ಮೀಟರಿನ ಕಪ್ಪು ಮೊನೆಯನ್ನು ಹುಡುಗಿಯ ಕೈಗೆ ಕೊಟ್ಟು ಬ್ಯಾಟರಿಯ ಮೈನಸ್ಸಿಗೆ ಒತ್ತಿ ಹಿಡಿಯಲು ಹೇಳಿದೆ. ಕೆಂಪು ಮೊನೆಯನ್ನು ಕಪ್ಲರಿನ ಹಿಂಬದಿಯಿಂದ ಫ್ಯಾನಿನ ಕಪ್ಪು ವೈರಿಗೆ ಚುಚ್ಚಿದೆ. ಅದು ಅರ್ತಿನ ವೈರು. ಅದಕ್ಕೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಏನೂ ಇರಬಾರದು, ಕರೆಂಟು ಹರಿಯುವಾಗಲೂ ಅರ್ಧ ವೋಲ್ಟಿನ ಒಳಗಿರಬೇಕು. ರಿಲೇ ಗೂಡಿನ ವೈರು ಸೇರಿಸಲು ಮೇಷ್ಟ್ರಿಗೆ ಹೇಳಿದೆ.

"9.7!" ಎಂದು ಹುಡುಗಿ ಕೂಗಿದಳು.

ಕಳ್ಳ ಸಿಕ್ಕ. ಅದೇ ರೀತಿ ಪ್ಲಸ್ಸಿನ ಕಡೆಯೂ ಅಳೆದೆ, ಬ್ಯಾಟರಿಯ ಪ್ಲಸ್ಸಿನಿಂದ ಮೋಟಾರಿನ ತನಕ ಕಳೆದುಹೋಗುತ್ತಿದ್ದದ್ದು 0.2 ವೋಲ್ಟು ಮಾತ್ರ. ಬರುವ ದಾರಿ ಸರಿಯಿದೆ, ಹಿಂತಿರುಗುವ ದಾರಿ ಮುಚ್ಚಿದೆ. ಕಪ್ಪು ವೈರನ್ನು ಬೆರಳಲ್ಲಿ ಹಿಡಿದುಕೊಂಡೇ ಹೋದೆವು. ಬ್ಯಾಟರಿ ತಟ್ಟೆಯ ಕೆಳಗೆ ನುಸುಳಿ, ಬಾಡಿಗೆ ಬಿಗಿದ ಒಂದು ಬೋಲ್ಟಿನಲ್ಲಿ ಅದು ಮುಗಿದಿತ್ತು. ಬ್ಯಾಟರಿಯ ಆಸಿಡ್ ಹನಿ ಬಿದ್ದು ಬಿದ್ದು ಆ ಬೋಲ್ಟಿನ ತುಂಬ ಬಿಳಿ, ಹಸಿರು ಪುಡಿ. ತಾಮ್ರದ ಬಿಂದಿಗೆಗೆ ಹಿಡಿಯುವ ಅದೇ ಕಿಲುಬು. ದೇವರ ಸಾಮಾನಿಗಾದರೆ ಹುಣಸೆಹಣ್ಣು ತಿಕ್ಕುತ್ತೇವೆ, ಇಲ್ಲಿ ಆ ಹುಳಿ ಉಳಿದರೆ ಮತ್ತೆ ತಿನ್ನುತ್ತದೆ. ಮೊದಲು ಬ್ಯಾಟರಿಯ ಮೈನಸ್ ಕಳಚಿ, ಹತ್ತರ ಸ್ಪ್ಯಾನರಿನಲ್ಲಿ ಬೋಲ್ಟು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿದೆವು. ಬಿಗಿದ ಮೇಲೆ ಮೇಲಿಂದ ಒಂದಿಷ್ಟು ವ್ಯಾಸಲೀನ್ ಸವರಿದೆ.

ಉಜ್ಜುತ್ತಾ ಮೇಷ್ಟ್ರು, "ಆ ಮೆಕ್ಯಾನಿಕ್ ನನಗೆ ಮೋಸ ಮಾಡೋಕೆ ನೋಡಿದ್ನಾ ಸಾರ್?" ಅಂದರು.

ಇಲ್ಲ. ಇದನ್ನು ನಾನು ಒತ್ತಿ ಹೇಳಿದೆ, ಇಲ್ಲೂ ಹೇಳುತ್ತೇನೆ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಹುಡುಕುವ ಹೊತ್ತಿಗೆ ಕೊಡುವುದಿಲ್ಲ. ಇದೇ ಹುಡುಗ ಒಂದೂವರೆ ಗಂಟೆ ಕೂತು ಈ ಬೋಲ್ಟು ಉಜ್ಜಿ, ಐನೂರು ರೂಪಾಯಿ ಕೊಡಿ ಅಂದಿದ್ದರೆ? "ಒಂದು ಬೋಲ್ಟು ಬಿಗಿದದ್ದಕ್ಕೆ ಐನೂರಾ?" ಅನ್ನುತ್ತಿದ್ದೆವು. ಮೋಟಾರು ಹಾಕಿ ಅದರ ಹತ್ತು ಪಾಲು ಕೇಳಿದರೆ ಬಿಲ್ಲು ನೋಡಿ ಸುಮ್ಮನೆ ಎಣಿಸಿಕೊಡುತ್ತೇವೆ, ಕೈಯಲ್ಲಿ ಹೊಸ ವಸ್ತು ಕಾಣುತ್ತದಲ್ಲ. ಡಾಕ್ಟರು ನಾಡಿ ಹಿಡಿದು, ಏನೂ ಇಲ್ಲ ಹೋಗಿ ಅಂದರೂ ಫೀಸು ಕೊಡುವ ನಾವು ಮೆಕ್ಯಾನಿಕ್ಕಿಗೆ ಆ ಗೌರವ ಕೊಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಅನ್ನಿಸುವುದುಂಟು, ಇಲ್ಲಿಂದ ಹೊರಡುವ ಮೋಟಾರುಗಳಲ್ಲಿ ಎಷ್ಟು ನಿಜಕ್ಕೂ ಸತ್ತವುಗಳ ಜಾಗಕ್ಕೆ ಹೋಗುತ್ತಿವೆಯೋ ಎಂದು.

ಮೋಟಾರು ಸಾಯುವುದೇ ಇಲ್ಲ ಎಂದಲ್ಲ. ಅದರೊಳಗಿನ ಕಾರ್ಬನ್ ಬ್ರಷ್ ಸವೆಯುತ್ತದೆ. ಮರದ ಹಿಡಿಯಲ್ಲಿ ಮೆಲ್ಲಗೆ ತಟ್ಟಿದಾಗ ತಿರುಗಿ, ಇನ್ನೊಮ್ಮೆ ನಿಂತುಬಿಟ್ಟರೆ ಅದು ಬ್ರಷ್ಷಿನ ಕೊನೆಗಾಲ. ಎರಡು ವೇಗದ ಫ್ಯಾನಿನಲ್ಲಿ ನಿಧಾನದ ವೇಗ ಮಾತ್ರ ಸತ್ತಿದ್ದರೆ ಹೆಚ್ಚಾಗಿ ರೆಸಿಸ್ಟರ್ ಸುಟ್ಟಿರುತ್ತದೆ. ಮಲೆನಾಡಿನಲ್ಲಿ ಮಳೆಗೆ ಬೆಚ್ಚಗಿರಲು ಬಂದ ಇಲಿ ವೈರು ಕಡಿದಿರುತ್ತದೆ. ಎಲ್ಲಕ್ಕೂ ಕೇಳಬೇಕಾದ್ದು ಒಂದೇ: ಕರೆಂಟು ಎಲ್ಲಿಯ ತನಕ ಬಂತು, ಎಲ್ಲಿ ನಿಂತಿತು?

ರಿಲೇ ಗೂಡಿಗೆ ಸೇರಿಸಿ, ಬ್ಯಾಟರಿ ಕೂಡಿಸಿ, ಎ.ಸಿ. ಹಾಕಿದ್ದೇ ಫ್ಯಾನು ತಿರುಗಿತು. ಮೀಟರಿನಲ್ಲಿ ಈಗ ಅರ್ತಿನ ಕಡೆ 0.1. ಮೇಷ್ಟ್ರು ಬಾನೆಟ್ ಮುಚ್ಚಲು ಹೊರಟರು. ನಾನು ಬಿಡಲಿಲ್ಲ. ಎ.ಸಿ. ಅಪ್ಪಣೆಗೆ ತಿರುಗಿದ್ದು ಸಾಲದು, ಬಿಸಿಗೂ ತಾನಾಗಿ ತಿರುಗಬೇಕು. ಎ.ಸಿ. ಆರಿಸಿ ಎಂಜಿನ್ ಓಡಲು ಬಿಟ್ಟೆವು. ಗೋಡೆಯ ಆಚೆಯಿಂದ ನಮ್ಮವಳು ಕಾಫಿ ಕೊಟ್ಟಳು. ಹುಡುಗಿ ಮೊಬೈಲಿನಲ್ಲಿ ಹೊತ್ತು ನೋಡುತ್ತಾ ಡ್ಯಾಷ್‌ಬೋರ್ಡಿನ ಮುಳ್ಳಿಗೆ ಕಣ್ಣಿಟ್ಟು ಕೂತಿದ್ದಳು. ಮುಳ್ಳು ಮೆಲ್ಲಗೆ ಮಧ್ಯಕ್ಕೆ ಬಂತು, ಸ್ವಲ್ಪ ದಾಟಿತು. ಮೇಷ್ಟ್ರ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗದೆ ಹಾಗೇ ನಿಂತಿತ್ತು.

ಟಿಕ್. ಹಿಂದೆಯೇ ಭರ್ರೆಂದು ಗಾಳಿ.

ಒಂದೂವರೆ ನಿಮಿಷ ತಿರುಗಿ ಫ್ಯಾನು ನಿಂತಿತು, ಮುಳ್ಳು ಮತ್ತೆ ಮಧ್ಯಕ್ಕೆ ಇಳಿಯಿತು. "ಇನ್ನೊಂದ್ಸಲ ನೋಡೋಣ ಅಂಕಲ್" ಎಂದಳು ಹುಡುಗಿ. ಎರಡನೇ ಸಲಕ್ಕೂ ನಾಲ್ಕೂ ಜನ ಹಾಗೇ ನಿಂತು ಕಾದೆವು.